ಇರುವೆ ಗೂಡಿನಲ್ಲಿ ಸಿಕ್ಕ ದಪ್ಪ ಮೀಸೆಯ ಜೀರುಂಡೆಯನ್ನು ಸಾಕಿದ ಇರುವೆಗಳ ಜೊತೆ ಬಿಡಬಹುದೇ?

ಪ್ರಶ್ನೆ: ಕ್ಯಾತ್ಸಂದ್ರ, ತುಮಕೂರು

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಮುಂಗಾರಿನ ಮೊದಲ ಮಳೆಯ ಮರುದಿನ, ರೆಕ್ಕೆ ಕಳಚಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದ ರಾಣಿ ಇರುವೆಯೊಂದನ್ನು ಹಿಡಿದು, ನೀರು ತುಂಬಿ ಹತ್ತಿ ಅಡಕಿದ ಗಾಜಿನ ನಳಿಗೆಯಲ್ಲಿಟ್ಟು ಸಾಕಲಾರಂಭಿಸಿದೆ. ಅದರ ಸಂಸಾರ ಈಗ ಸುಮಾರು 300ಕ್ಕೆ ಬೆಳೆದಿದ್ದು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಗೂಡಿನಲ್ಲಿದೆ. ದಪ್ಪ ತಲೆಯ ಸೈನಿಕ ಇರುವೆಗಳನ್ನು ನೋಡಿ ಇವು ಫೀಡೋಲಿ ಕುಲದವೆಂದು ಇಲ್ಲಿನ ಹಿರಿಯರೇ ಗುರುತಿಸಿಕೊಟ್ಟಿದ್ದರು.

ಮೊನ್ನೆ ಭಾನುವಾರ ಗೊಬ್ಬರ ಹಾಕಲೆಂದು ತೆಂಗಿನ ಪಾತಿ ಅಗೆಯುವಾಗ ಅದೇ ಬಗೆಯ ಇರುವೆಗಳ ಗೂಡೊಂದು ತೆರೆದುಕೊಂಡಿತು. ಮೊಟ್ಟೆ ಮರಿಗಳ ನಡುವೆ ಅಕ್ಕಿಕಾಳಿನಷ್ಟು ಉದ್ದದ ಕಂದು ಜೀರುಂಡೆಯೊಂದಿತ್ತು. ಅದರ ಕುಡಿಮೀಸೆಗಳು ಎಳೆಯಂತಿರದೆ, ಪುಟ್ಟ ಹುಣಸೆ ಬೀಜಗಳನ್ನು ತಲೆಗೆ ಅಂಟಿಸಿದಂತೆ ದಪ್ಪಗೆ, ಚಪ್ಪಟೆಯಾಗಿದ್ದವು. ಇರುವೆಯೊಂದು ಆ ಮೀಸೆಯನ್ನೇ ಹಿಡಿದು ಜೀರುಂಡೆಯನ್ನು ಬಿಲದೊಳಗೆ ಎಳೆಯುತ್ತಿತ್ತು. ನಾನು ಬೆರಳಲ್ಲಿ ಎತ್ತಿದ ಕೂಡಲೇ ಟಪ್ಪೆಂದು ಸಣ್ಣ ಸದ್ದಾಗಿ, ಚರ್ಮ ಚುರುಗುಟ್ಟಿತು. ಕಂದು ಕಲೆ ಎರಡು ದಿನವಾದರೂ ಹೋಗಲಿಲ್ಲ.

ಸದ್ಯಕ್ಕೆ ಅದನ್ನು ಅದೇ ಗೂಡಿನ ಕೆಲವು ಇರುವೆ ಹಾಗೂ ಮರಿಗಳೊಂದಿಗೆ, ಅದೇ ಮಣ್ಣು ಹಾಕಿದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಯುರೋಪಿನ ಲೊಮೆಕೂಸಾ ಎಂಬ ಜೀರುಂಡೆಗೆ ಇರುವೆಗಳೇ ಬಾಯಿಂದ ಬಾಯಿಗೆ ಉಣಿಸುತ್ತವೆಂದು ಓದಿದ್ದೇನೆ. ಇದೂ ಹಾಗೆಯೇ ಆಗಿದ್ದರೆ, ನನ್ನ ಇರುವೆಗಳಿಗೆ ಸಕ್ಕರೆ ನೀರನ್ನು ಸ್ವಲ್ಪ ಹೆಚ್ಚಾಗಿ ಕೊಟ್ಟು ಇದನ್ನೂ ಅವುಗಳ ಜೊತೆ ಸಾಕಬಹುದೇ?

ಉತ್ತರ 1: ಚಿಂತಾಮಣಿ

ಆ ಮೀಸೆ, ಆ ಸದ್ದು, ಆ ಕಲೆ ಮೂರೂ ಸೇರಿದ ಮೇಲೆ ಅದನ್ನು ಪಾಸಸ್ ಕುಲದ ಜೀರುಂಡೆ ಎನ್ನಲು ಅಡ್ಡಿಯಿಲ್ಲ. ಈ ಕುಲಕ್ಕೆ 1775ರಲ್ಲಿ ಹೆಸರಿಟ್ಟವರು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್. ಇದರ ಹಲವು ಪ್ರಭೇದಗಳು ನಮ್ಮ ದೇಶದಲ್ಲಿವೆ. ಹೊಟ್ಟೆಯ ತುದಿಯ ಗ್ರಂಥಿಗಳಲ್ಲಿ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕೂಡಿಟ್ಟುಕೊಂಡಿದ್ದು, ಅಪಾಯ ಬಂದಾಗ ಅವು ಕಿಣ್ವಗಳೊಂದಿಗೆ ಬೆರೆತು ಚರ್ಮ ಚುರುಗುಟ್ಟಿಸುವ ಕ್ವಿನೋನ್ ಎಂಬ ಬಿಸಿ ರಾಸಾಯನಿಕವಾಗಿ ಸಿಡಿಯುತ್ತವೆ. ನಿಮ್ಮ ಬೆರಳಿಗೆ ಹತ್ತಿದ್ದು ಅದೇ. ದಯವಿಟ್ಟು ಮುಖದ ಹತ್ತಿರ ಹಿಡಿದು ನೋಡಬೇಡಿ.

ಲೊಮೆಕೂಸಾದ ಹೋಲಿಕೆ ಮಾತ್ರ ಇಲ್ಲಿ ಹೊಂದುವುದಿಲ್ಲ. ಅದು ಮೊಟಕು ರೆಕ್ಕೆಯ, ಬೇರೊಂದು ಕುಟುಂಬದ ಜೀರುಂಡೆ. ಅದರ ಮರಿಗಳೂ ಉಣಿಸಿದ್ದನ್ನು ಉಂಡು ಸುಮ್ಮನಿರದೆ ಇರುವೆ ಮರಿಗಳನ್ನು ತಿನ್ನುತ್ತವೆ. ಪಾಸಸ್ ನೆಲಜೀರುಂಡೆಗಳ ಕುಟುಂಬಕ್ಕೆ ಸೇರಿದ ಬೇಟೆಗಾರ. ಮೀಸೆಯಲ್ಲಿ ಒಸರುವ ದ್ರವವನ್ನು ಇರುವೆಗಳು ಆಸೆಯಿಂದ ನೆಕ್ಕುತ್ತಿರುವಾಗ, ಅದು ಅವುಗಳ ಮರಿಗಳಿಗೆ ದವಡೆ ಚುಚ್ಚಿ ರಸ ಹೀರುತ್ತದೆ. ಮೆಡಿಟರೇನಿಯನ್ ಸೀಮೆಯ ಪಾಸಸ್ ಫೇವಿಯೇರಿ ಎಂಬ ಪ್ರಭೇದ ಮೈ ಉಜ್ಜಿ ಹೊರಡಿಸುವ ಸದ್ದುಗಳು ಕೆಲಸಗಾರ, ಸೈನಿಕ ಮತ್ತು ರಾಣಿ ಇರುವೆಗಳ ಸದ್ದನ್ನು ಹೋಲುತ್ತವೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದು ನೆಲೆಸುವುದೂ ಫೀಡೋಲಿ ಗೂಡುಗಳಲ್ಲೇ. ಇಷ್ಟು ಸಣ್ಣ ದೇಹದಲ್ಲಿ ಇಷ್ಟೊಂದು ಸಿದ್ಧತೆ ಇರುವುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಸಕ್ಕರೆ ನೀರಿನಿಂದ ಅದರ ಹೊಟ್ಟೆ ತುಂಬದು. ಅಲ್ಲದೆ ಪ್ರತಿ ಗೂಡಿಗೂ ತನ್ನದೇ ಮೈವಾಸನೆ ಇರುವುದರಿಂದ, ಒಂದು ಗೂಡಿನಲ್ಲಿ ಒಪ್ಪಿತವಾದ ಅತಿಥಿಯನ್ನು ಇನ್ನೊಂದು ಗೂಡು ಕಚ್ಚಿ ಕೊಂದರೂ ಕೊಲ್ಲಬಹುದು. ನಿಮ್ಮ ಗೂಡಿಗೆ ಬಿಡಬೇಡಿ.

ಉತ್ತರ 2: ಮುಳಬಾಗಿಲು

ಚಿಂತಾಮಣಿಯವರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ಮೂರು ವರ್ಷದ ಹಿಂದೆ ಸುಮಾರು 120 ಇರುವೆಗಳಿದ್ದ ನನ್ನ ಫೀಡೋಲಿ ಗೂಡಿಗೆ ಇಂಥದ್ದೇ ಒಂದನ್ನು ಬಿಟ್ಟಿದ್ದೆ. ಇರುವೆಗಳು ಅದನ್ನು ಕೊಲ್ಲಲಿಲ್ಲ. ಎರಡು ದಿನ ಎಳೆದಾಡಿ, ಮೂರನೆಯ ದಿನ ಮರಿಗಳ ಕೋಣೆಗೆ ಸೇರಿಸಿಕೊಂಡವು. ಕೆಂಪು ಹಾಳೆಯ ಮೂಲಕ ರಾತ್ರಿ ನೋಡುತ್ತಿದ್ದಾಗ, ಅದು ತುಂಬಿಕೊಂಡಿದ್ದ ಒಂದು ಮರಿಯನ್ನು ಕಚ್ಚಿ ಹಿಡಿದು ಕದಲದೆ ನಿಂತಿತ್ತು. ಸ್ವಲ್ಪ ಹೊತ್ತಿನಲ್ಲಿ ಆ ಮರಿ ಹಿಂಡಿದ ದ್ರಾಕ್ಷಿಯ ಸಿಪ್ಪೆಯಂತೆ ಸುಕ್ಕಾಯಿತು. ಪಕ್ಕದಲ್ಲೇ ಇನ್ನೊಂದು ಇರುವೆ ಜೀರುಂಡೆಯ ಮೀಸೆ ನೆಕ್ಕುತ್ತಲೇ ಇತ್ತು. ಮರಿಗಳು ಕಡಿಮೆಯಾಗುತ್ತಿರುವುದಕ್ಕೆ ಏಪ್ರಿಲ್ ಬಿಸಿಲಿಗೆ ಗೂಡು ಒಣಗಿದ್ದೇ ಕಾರಣವೆಂದು ತಿಳಿದು ನಾನು ನೀರು ಹೆಚ್ಚಿಸುತ್ತಾ ಕುಳಿತೆ. ಮೂರು ವಾರದಲ್ಲಿ ನಲವತ್ತರಷ್ಟಿದ್ದ ಮರಿಗಳು ಹತ್ತಕ್ಕಿಳಿದವು, ಆ ಗೂಡು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಆ ನೋವು ಇನ್ನೂ ಇದೆ.

ಹಾಗೆಂದು ನೋಡಲೇಬಾರದು ಎನ್ನುವವನು ನಾನಲ್ಲ. ಈಗಿರುವ ಡಬ್ಬಿಯಲ್ಲೇ, ಅದರ ಸ್ವಂತ ಗೂಡಿನ ಇರುವೆಗಳ ನಡುವೆ ನಾಲ್ಕೈದು ದಿನ ಗಮನಿಸಿ. ಗೋಡೆಗೆ ಟಾಲ್ಕಂ ಪುಡಿ ಸವರಿದರೆ ಇರುವೆಗಳು ಮೇಲೇರಲಾರವು, ಆದರೆ ಈ ಜೀರುಂಡೆ ಹಾರಬಲ್ಲದು, ರಾತ್ರಿ ದೀಪಕ್ಕೂ ಬರುತ್ತದೆ. ಆದ್ದರಿಂದ ಡಬ್ಬಿಗೆ ಸಣ್ಣ ಕಣ್ಣಿನ ಜಾಲರಿ ಮುಚ್ಚಳ ಬೇಕೇ ಬೇಕು. ಆಮೇಲೆ ತೆಗೆದ ಜಾಗಕ್ಕೇ ಬಿಡಿ. ಇನ್ನೊಂದು ಹುಡುಕಲೆಂದು ದೇವರಾಯನದುರ್ಗದ ಕಾಡಿಗೆ ಹೋಗಬೇಡಿ. ಕಾಯ್ದಿಟ್ಟ ಅರಣ್ಯದಿಂದ ಜೀವಿಗಳನ್ನು ತರುವಂತಿಲ್ಲ.

ಪ್ರಶ್ನೆ ಕೇಳಿದವರು: ಕ್ಯಾತ್ಸಂದ್ರ

ಇಬ್ಬರಿಗೂ ಕೃತಜ್ಞತೆಗಳು. ನಾಲ್ಕು ದಿನ ಜಾಲರಿ ಮುಚ್ಚಿಟ್ಟು ನೋಡಿದೆ. ಮುಳಬಾಗಿಲಿನವರು ಹೇಳಿದ ಸುಕ್ಕಾದ ಮರಿಗಳು ಡಬ್ಬಿಯ ಮೂಲೆಯಲ್ಲಿ ಮೂರು ಸಿಕ್ಕವು. ನಿನ್ನೆ ಸಂಜೆ ಮಣ್ಣು, ಇರುವೆ, ಜೀರುಂಡೆ ಎಲ್ಲವನ್ನೂ ಒಟ್ಟಿಗೆ ಪಾತಿಯ ಬಿಲದ ಬಾಯಲ್ಲಿ ಇಳಿಸಿದೆ. ಕತ್ತಲಾಗುವ ಮೊದಲೇ ಇರುವೆಯೊಂದು ಮೀಸೆ ಹಿಡಿದು ಅದನ್ನು ಒಳಗೆ ಕರೆದೊಯ್ದಿತು. ಗೊಬ್ಬರವನ್ನು ಪಾತಿಯ ಇನ್ನೊಂದು ಮಗ್ಗುಲಿಗೆ ಹಾಕಿಸಿದ್ದೇನೆ.