ಸಹಾಯ ಬೇಕು: ಭೂಸುಧಾರಣೆಯನ್ನ ಮಾರ್ಕ್ಸ್ ಚೌಕಟ್ಟಿನಲ್ಲಿ ಹೇಗೆ ಕೂರಿಸೋದು?

ಎಲ್ರಿಗೂ ನಮಸ್ಕಾರ. ಎಂ.ಎ. ಸಮಾಜಶಾಸ್ತ್ರದ ಪ್ರಬಂಧ ಬರೀತಿದ್ದೀನಿ, ಒಂದು ಕಡೆ ಪೂರ್ತಿ ಸಿಕ್ಕಾಕ್ಕೊಂಡಿದ್ದೀನಿ.

ಮಾರ್ಕ್ಸ್ ತನ್ನ ಅರ್ಥಶಾಸ್ತ್ರದ ಪುಸ್ತಕವೊಂದರ 1859ರ ಮುನ್ನುಡಿಯಲ್ಲಿ ಹೇಳೋ ಪ್ರಕಾರ ಉತ್ಪಾದನಾ ಸಂಬಂಧಗಳು (ಜಮೀನು ಯಾರದು, ದುಡಿಯೋರು ಯಾರು ಅನ್ನೋ ಥರದ ಆರ್ಥಿಕ ಸಂಬಂಧಗಳು) ತಳಹದಿ, ಕಾನೂನು-ರಾಜಕೀಯ ಅದರ ಮೇಲ್ರಚನೆ. ತಳಹದಿ ಬದಲಾದ್ರೆ ಮೇಲಿನದೂ ಬದಲಾಗುತ್ತೆ. ಆದ್ರೆ ದೇವರಾಜ ಅರಸು ಕಾಲದ ಭೂಸುಧಾರಣೆ ನೋಡಿದ್ರೆ ಉಲ್ಟಾ ಕಾಣುತ್ತೆ. 1974ರ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕ್ತು. ಗೇಣಿದಾರರು ಫಾರಂ ನಂ. 7 (ಉಳುತ್ತಿದ್ದ ಜಮೀನಿನ ಹಕ್ಕು ಕೇಳೋ ಅರ್ಜಿ) ಹಾಕಿ ಭೂ ನ್ಯಾಯಮಂಡಳಿ ಮುಂದೆ ನಿಂತ್ರು, ಕರಾವಳಿ-ಮಲೆನಾಡಲ್ಲಿ ಎಷ್ಟೋ ಜನ ಜಮೀನಿನ ಮಾಲೀಕರಾದ್ರು. ಬದಲಾವಣೆ ಬಂದಿದ್ದು ಮೇಲಿಂದ ಕೆಳಕ್ಕೆ ಅಲ್ವಾ?

ನಮ್ಮ ಗೈಡ್ ಅವರನ್ನ ಕೇಳ್ದೆ. "1951ರ ಕಾಗೋಡು ಸತ್ಯಾಗ್ರಹ ಮರೀಬೇಡಮ್ಮ, ಹೋರಾಟ ಮೊದಲು, ಕಾನೂನು ಆಮೇಲೆ" ಅಂದ್ರು. ಸರಿ, ಕಾಗೋಡಿನ ಗೇಣಿದಾರರ ಹೋರಾಟ ಮೊದಲೇ ನಡೆದಿತ್ತು, ಆದ್ರೆ ಅದಕ್ಕೂ 1974ರ ತಿದ್ದುಪಡಿಗೂ ಮಧ್ಯೆ 23 ವರ್ಷ ಇದೆಯಲ್ಲ. ಮಾರ್ಕ್ಸ್‌ನ ಜೊತೆಗಾರ ಎಂಗೆಲ್ಸ್‌ನ 1890ರ ಪತ್ರವನ್ನೂ ಓದ್ದೆ: ಮೇಲ್ರಚನೆಯೂ ಪ್ರಭಾವ ಬೀರುತ್ತೆ, ಆರ್ಥಿಕತೆ ನಿರ್ಣಾಯಕ ಆಗೋದು ಕಟ್ಟಕಡೆಗೆ ಅಂತಾನೆ. ಇದನ್ನ ಒಪ್ಪಿಕೊಂಡ್ರೆ ಯಾವ ಉದಾಹರಣೆ ಕೊಟ್ರೂ ಸಿದ್ಧಾಂತವೇ ಗೆಲ್ಲುತ್ತೆ! ನನ್ನ ತಕರಾರು ಇರೋದೇ ಅಲ್ಲಿ. (ಗೇಣಿ ಹಕ್ಕೇ ಇಲ್ಲದ ಕೂಲಿಯವರಿಗೆ ಸಿಕ್ಕಿದ್ದು ಕಮ್ಮಿ, ಅದು ಬೇರೆ ಅಧ್ಯಾಯ.)

ಗೊತ್ತಿರೋರು ಹೇಳಿ: 1974ಕ್ಕೆ ಮುಂಚೆಯೇ ಹಳ್ಳಿಯ ಆರ್ಥಿಕ ಸಂಬಂಧ ಬದಲಾಗಿತ್ತು ಅಂತ ತೋರಿಸೋಕೆ ಯಾವ ಥರದ ದಾಖಲೆ ನೋಡ್ಬೇಕು? ಗೇಣಿ ಚೀಟಿಯಾ, ಪಹಣಿಯಾ, ಸಾಲದ ಲೆಕ್ಕವಾ? ಅಂಥದ್ದು ಸಿಗದಿದ್ರೆ ಇದನ್ನ ಸಿದ್ಧಾಂತಕ್ಕೆ ಅಪವಾದ ಅಂತ ಬರೀಬಹುದಾ?