ಪದಚರ್ಚೆ: ಕ್ರೂಸ್ ಹಡಗಿನ ‘ಟನ್ನೇಜ್’, ‘ಟೆಂಡರ್’ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಐಷಾರಾಮಿ ಸಣ್ಣ ಹಡಗಿನಲ್ಲಿ ಮೊದಲ ಸಲ ಕ್ರೂಸ್ ಹೊರಡುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳು ಹಿಡಿತಕ್ಕೆ ಸಿಗುತ್ತಿಲ್ಲ. ಹೆಚ್ಚು ಕಾಡುತ್ತಿರುವುದು ‘ಗ್ರಾಸ್ ಟನ್ನೇಜ್’.

ಹಡಗಿನ ವಿವರಗಳಲ್ಲಿ ಈ ಸಂಖ್ಯೆ ಇದ್ದೇ ಇರುತ್ತದೆ. ಅದನ್ನು ಸುಮ್ನೆ ‘ಇಷ್ಟು ಟನ್ ತೂಕದ ಹಡಗು’ ಎಂದು ಬರೆದುಬಿಡುವುದುಂಟು. ಇದು ತೂಕವೇ ಅಲ್ಲ. ಹಡಗಿನೊಳಗಿನ ಮುಚ್ಚಿದ ಜಾಗವನ್ನೆಲ್ಲ ಅಳೆದು ಲೆಕ್ಕ ಹಾಕಿದ ಸಂಖ್ಯೆ. ಸೂತ್ರ 1969ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ.

ತೂಕ ಅಂದರೆ ಏನು ಗಂಟು ಹೋಗುತ್ತದೆ ಎನ್ನಬೇಡಿ. ಈ ಸಂಖ್ಯೆಯನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲಾ ಎಷ್ಟು ಜಾಗ ಎಂಬ ಅಂದಾಜು ಸಿಗುತ್ತದೆ. ‘ಸೀಡ್ರೀಮ್ 1’ ಹಡಗಿನದು ಸುಮಾರು 4,300, ಪ್ರಯಾಣಿಕರು 112. ತಲೆಗೆ 38ರ ಆಸುಪಾಸು. ‘ಸೀಬೋರ್ನ್ ಎನ್ಕೋರ್’ ಸುಮಾರು 41,800, ಪ್ರಯಾಣಿಕರು 600ರಷ್ಟು. ತಲೆಗೆ 70ರ ಹತ್ತಿರ. ಎರಡನ್ನೂ ‘ಸಣ್ಣ ಹಡಗು’ ಎಂದೇ ಮಾರುತ್ತಾರೆ, ಒಳಗಿನ ಅನುಭವ ಮಾತ್ರ ಬೇರೆ ಬೇರೆ. ಮೊದಲ ಸಲ ಹೋಗುವವರು ನೋಡಬೇಕಾದ ಲೆಕ್ಕವೇ ಇದು. ಅಲ್ಲಿ ‘ತೂಕ’ ಎಂದು ಬರೆದರೆ ಭಾಗಾಕಾರಕ್ಕೆ ಅರ್ಥವೇ ಉಳಿಯುವುದಿಲ್ಲ, ಅಲ್ವಾ? ಸದ್ಯಕ್ಕೆ ‘ಒಳಗಾತ್ರ’ ಎಂದು ಇಟ್ಟುಕೊಂಡಿದ್ದೇನೆ. ‘ಒಳಹರವು’ ಕೂಡ ಯೋಚಿಸಿದೆ. ಆದರೆ ಹರವು ಅಂದಾಗ ನೆಲದ ಅಳತೆ ಕಣ್ಣಿಗೆ ಬರುತ್ತದೆ, ಎತ್ತರ ಬಿಟ್ಟುಹೋಗುತ್ತದೆ.

ಎರಡನೆಯದು ‘ಟೆಂಡರ್’. ಬಂದರಿನ ಕಟ್ಟೆಗೆ ಹಡಗು ತಾಗಲಾಗದಾಗ ದೂರದಲ್ಲೇ ಲಂಗರು ಹಾಕಿ, ಜನರನ್ನು ಈ ದೋಣಿಯಲ್ಲಿ ದಡಕ್ಕೆ ಸಾಗಿಸುತ್ತಾರೆ. ಕನ್ನಡದವರಿಗೆ ಟೆಂಡರ್ ಅಂದರೆ ಗುತ್ತಿಗೆ! ‘ಇಂದು ಟೆಂಡರ್ ಇದೆ’ ಎಂದು ಬರೆದರೆ ಓದುಗರು ಕಂಟ್ರಾಕ್ಟರನನ್ನು ಹುಡುಕುತ್ತಾರೆ. ‘ದಡದೋಣಿ’ ನನಗೆ ಹಿಡಿಸಿತು. ಸಣ್ಣ ಹಡಗಾದರೆ ಈ ದೋಣಿಗೆ ಉದ್ದ ಸರತಿ ಇರುವುದಿಲ್ಲ, ದೊಡ್ಡ ಹಡಗಿನಲ್ಲಿ ಚೀಟಿ ಹಿಡಿದು ಕಾಯಬೇಕಾಗಬಹುದು. ಹಾಗಾಗಿ ಕೈಪಿಡಿಯಲ್ಲಿ ಈ ಪದ ಪದೇ ಪದೇ ಬರುತ್ತದೆ, ನಾಲಿಗೆಗೆ ಹಗುರವಾಗಿರಬೇಕು.

‘ಆಲ್ ಇನ್‌ಕ್ಲೂಸಿವ್’ಗೆ ‘ಎಲ್ಲ ಸೇರಿ’ ಸಾಕು. ಏನೇನು ಸೇರಿದೆ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸೀಬೋರ್ನ್ ಕಂಪನಿಯ ಹಡಗುಗಳಲ್ಲಿ ಪಾನೀಯ, ಟಿಪ್ಸ್ ಸೇರಿರುತ್ತವೆ. ದಡದ ಸುತ್ತಾಟಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು. ಅದನ್ನು ಪದ ಹೇಳಲಾರದು, ವಾಕ್ಯವೇ ಹೇಳಬೇಕು.

ಅಪಾಯ ಬಂದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಎಂದು ತೋರಿಸಿಕೊಡುವ ‘ಮಸ್ಟರ್ ಡ್ರಿಲ್’ಗೆ ‘ಸುರಕ್ಷಾ ಕವಾಯತು’ ಎಂದರೆ ಪೊಲೀಸ್ ಮೈದಾನದ ವಾಸನೆ ಜಾಸ್ತಿ ಆಯಿತೇನೋ. ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ, ಹೊಸ ಪ್ರಯಾಣಿಕರಿಗೆಲ್ಲ ಇದು ಕಡ್ಡಾಯ. ತಪ್ಪಿಸಿಕೊಳ್ಳುವಂತಿಲ್ಲ.

ನನ್ನ ಪ್ರಶ್ನೆ ಇಷ್ಟು: ‘ಒಳಗಾತ್ರ’ ಕೇಳಿದ ತಕ್ಷಣ ನಿಮಗೆ ಜಾಗ ಹೊಳೆಯುತ್ತದೆಯೇ? ಹಡಗಿನಿಂದ ದಡಕ್ಕೆ ಜನ ಸಾಗಿಸುವ ದೋಣಿಗೆ ಕಡಲ ಕೆಲಸದವರ ಮಾತಿನಲ್ಲಿ ಆಗಲೇ ಒಂದು ಹೆಸರಿದ್ದರೆ ತಿಳಿಸಿ, ‘ದಡದೋಣಿ’ಯನ್ನು ಕೈಬಿಡುತ್ತೇನೆ.