ಕೋಳಿ ಮರಿಗಳಿಗೆ ರಾತ್ರಿ ಬಲ್ಬ್ ಯಾವಾಗ ನಿಲ್ಲಿಸಬಹುದು? ಸಹಾಯ ಬೇಕು

ಕೋಳಿ ಸಾಕಿ ಅನುಭವ ಇರುವವರು ದಯವಿಟ್ಟು ಹೇಳಿ. ನನ್ನ ಮರಿಗಳಿಗೆ ಈಗ 5ನೇ ವಾರ. ತಾಯಿ ಕೋಳಿ ಇಲ್ಲ, ಬಲ್ಬಿನ ಶಾಖದಲ್ಲೇ ಬೆಳೆದಿವೆ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಟ್ಟು, ಆಮೇಲೆ ಬಲ್ಬ್ ಸ್ವಲ್ಪ ಸ್ವಲ್ಪ ಮೇಲೆತ್ತುತ್ತಾ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಿಕೊಂಡು ಬಂದೆ.

ಹಗಲು ಬಲ್ಬ್ ಆರಿಸಿದರೆ ಏನೂ ತೊಂದರೆ ಇಲ್ಲ, ಚೆನ್ನಾಗಿ ಓಡಾಡಿ ತಿನ್ನುತ್ತವೆ. ಸಮಸ್ಯೆ ರಾತ್ರಿಯದು. ಗೂಡಿನ ಒಳಗೆ 16 ಡಿಗ್ರಿಗೆ ಇಳಿಯುತ್ತದೆ. ಬಲ್ಬ್ ಆರಿಸಿ ನೋಡಿದೆ, ಎಲ್ಲಾ ಒಂದೇ ಮೂಲೆಗೆ ಒತ್ತಿಕೊಂಡು ಕೂತವು, ಆದರೆ ಕೂಗಲಿಲ್ಲ. ಚಳಿಯಾದರೆ ಕಿಚಕಿಚ ಅಂತ ಜೋರಾಗಿ ಕೂಗುತ್ತವೆ ಅಲ್ವಾ? ಸುಮ್ನೆ ಒಟ್ಟಿಗೆ ಮಲಗಿದ್ದಾ, ಚಳಿಗೆ ಮುದುಡಿದ್ದಾ ಗೊತ್ತಾಗದೆ, ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಕಟ್ಟಿ ಸತ್ತರೆ ಅನ್ನುವ ಭಯಕ್ಕೆ ಮತ್ತೆ ಹಾಕಿಬಿಟ್ಟೆ. ಬಲ್ಬ್ ಹಾಕಿದರೆ ಕೆಲವು ಅದರಿಂದ ದೂರ ಹೋಗಿ ಮಲಗುತ್ತವೆ, ಅಂದರೆ ಅವಕ್ಕೆ ಶಾಖ ಜಾಸ್ತಿ ಆಯ್ತು. ಇನ್ನು ಕೆಲವು ಕೆಳಗೇ ಇರುತ್ತವೆ.

ಪುಕ್ಕವೂ ಎಲ್ಲಕ್ಕೂ ಒಂದೇ ಸಮ ಬಂದಿಲ್ಲ. ರೆಕ್ಕೆ, ಬೆನ್ನು ತುಂಬಿವೆ, ಆದರೆ ಚಿಕ್ಕವುಗಳ ತಲೆ ಮತ್ತು ಹೊಟ್ಟೆಯ ಮೇಲೆ ಇನ್ನೂ ಮರಿ ತುಪ್ಪಳವೇ ಇದೆ. ಒಂದನ್ನೂ ಕಳೆದುಕೊಳ್ಳಲು ಮನಸ್ಸಿಲ್ಲ.

ಹಾಗಾದರೆ ಕೊನೆಯ ಮರಿಗೂ ಪುಕ್ಕ ಪೂರ್ತಿ ಬರುವವರೆಗೆ ರಾತ್ರಿ ಬಲ್ಬ್ ಬೇಕೇ ಬೇಕಾ, ಅಥವಾ ಕೂಗದೆ ಒಟ್ಟಿಗೆ ಮಲಗಿದರೆ 16 ಡಿಗ್ರಿಯಲ್ಲೂ ಈಗಲೇ ನಿಲ್ಲಿಸಬಹುದಾ?